ಕೆಂಡೊ, ಇಯಾಯ್ಡೊ, ಕೊರ್ಯೂ: ಜಪಾನಿನ ಕತ್ತಿವರಸೆಯಲ್ಲಿ ನಿಮಗೆ ಒಗ್ಗುವುದು ಯಾವುದು?

ಜಪಾನಿನ ಕತ್ತಿವರಸೆ ಕಲಿಯಬೇಕೆಂದು ಮನಸ್ಸು ಮಾಡಿದವರು ವಿಚಾರಿಸಲು ಹೊರಟ ಮೊದಲ ವಾರದಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಒಂದು ಕಡೆ ಬಿದಿರಿನ ಕತ್ತಿ ಹಿಡಿದು, ಮುಖಕ್ಕೆ ಕಂಬಿಯ ಕವಚ ಹಾಕಿಕೊಂಡು, ಗಂಟಲು ಹರಿಯುವಂತೆ ಕೂಗುತ್ತಾ ಒಬ್ಬರ ಮೇಲೊಬ್ಬರು ನುಗ್ಗುವ ಕೆಂಡೊದವರು. ಇನ್ನೊಂದು ಕಡೆ, ಎದುರಿಗೆ ಯಾರೂ ಇಲ್ಲದೆ ಮಂಡಿಯೂರಿ ಕುಳಿತು, ಒರೆಯಿಂದ ಕತ್ತಿ ಹಿರಿದು, ಗಾಳಿಯನ್ನು ಕಡಿದು, ಮತ್ತೆ ಒರೆಗೆ ಸೇರಿಸುವ ಇಯಾಯ್ಡೊದವರು. ಮತ್ತೊಂದು ಕಡೆ, ನಾನೂರು ಐನೂರು ವರ್ಷ ಹಳೆಯ ವರಸೆಗಳನ್ನು ಮರದ ಕತ್ತಿಯಲ್ಲಿ ಜೋಡಿಯಾಗಿ ಮಾಡುವ ಕೊರ್ಯೂದವರು. ಎಲ್ಲರೂ ಸಮುರಾಯ್‌ಗಳ ದಾರಿಯಲ್ಲೇ ನಡೆಯುತ್ತಿದ್ದೇವೆ ಎನ್ನುತ್ತಾರೆ. ಹಾಗಾದರೆ ಎಲ್ಲಿ ಸೇರಬೇಕು?

ಈ ಪ್ರಶ್ನೆ ನನ್ನ ಬಳಿಗೆ ಬರುತ್ತಲೇ ಇರುತ್ತದೆ. ನಗೋಯಾದಲ್ಲಿ ಕೆಲಸಕ್ಕಿದ್ದಾಗ ಕೆಂಡೊ ಹಿಡಿದೆ. ಹನ್ನೊಂದು ವರ್ಷ ಮಾಡಿದ ಮೇಲೆ ಎಡಗಾಲಿನ ಹಿಮ್ಮಡಿಯ ಸ್ನಾಯು ಕೈಕೊಟ್ಟಿತು, ಇಯಾಯ್ಡೊ ಕಡೆಗೆ ಹೊರಳಿದೆ. ಕೊರ್ಯೂ ಎನ್ನುವ ಹಳೆಯ ಪರಂಪರೆಗಳನ್ನು ಹತ್ತಿರ ಕುಳಿತು ನೋಡಿದ್ದೇನೆಯೇ ಹೊರತು ಯಾವುದಕ್ಕೂ ಶಿಷ್ಯನಾಗಿ ಸೇರಿಲ್ಲ. ನನ್ನ ಒಲವು ಯಾವ ಕಡೆಗಿರಬಹುದು ಎಂದು ನಿಮಗೆ ಮೊದಲೇ ತಿಳಿದಿರಲಿ.

ಅಳೆಯುವುದು ಯಾವುದರಿಂದ?

ಐದು ವಿಷಯಗಳನ್ನು ಇಟ್ಟುಕೊಂಡು ನೋಡಿ. ಎದುರಿಗೆ ಯಾರು ನಿಲ್ಲುತ್ತಾರೆ? ನಿಮ್ಮ ಮೈ, ಅದರಲ್ಲೂ ಕಾಲು, ಎಷ್ಟು ತಾಳುತ್ತದೆ? ಎಷ್ಟು ಹಣ, ಅದೂ ಯಾವ ಹಂತದಲ್ಲಿ? ಕಲಿಸುವವರು ನಿಮ್ಮೂರಿನಿಂದ ಎಷ್ಟು ದೂರ? ಕೊನೆಯದಾಗಿ, ಸಮುರಾಯ್ ತತ್ವ ಎಂದು ನೀವು ಹುಡುಕುತ್ತಿರುವುದು ಏನನ್ನು?

ಕೊನೆಯ ಪ್ರಶ್ನೆಯಲ್ಲಿ ತುಸು ನಿಲ್ಲಬೇಕು. ಹೆಚ್ಚಿನವರು ಎಡವುವುದು ಅಲ್ಲೇ. ಬುಶಿಡೊ ಎಂದರೆ ಎಲ್ಲ ಸಮುರಾಯ್‌ಗಳೂ ಒಪ್ಪಿ ಪಾಲಿಸುತ್ತಿದ್ದ ಒಂದೇ ಸಂಹಿತೆ ಎಂದು ನಂಬಿ ಬರುತ್ತಾರೆ. ಆ ಪದವನ್ನು ಹೊರಜಗತ್ತಿನಲ್ಲಿ ಮನೆಮಾತಾಗಿಸಿದ ನಿತೊಬೆ ಇನಾಝೊ ಅವರ ಪುಸ್ತಕ ಬಂದದ್ದು 1900ರಲ್ಲಿ, ಇಂಗ್ಲಿಷಿನಲ್ಲಿ. ಆ ಹೊತ್ತಿಗೆ, ಸಮುರಾಯ್ ಆಳ್ವಿಕೆ ಮುಗಿದ ಮೇಲೆ ಬಂದ ಮೇಜಿ ಸರ್ಕಾರ ಸೊಂಟದಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿ 24 ವರ್ಷವಾಗಿತ್ತು. ಸಮುರಾಯ್‌ನ ದಾರಿ ಇರುವುದು ಸಾವಿನಲ್ಲಿ ಎಂಬ ಮಾತಿಗೆ ಹೆಸರಾದ ಯಮಮೊತೊ ತ್ಸುನೆತೊಮೊ ಕೂಡ 18ನೆಯ ಶತಮಾನದ ಆರಂಭದಲ್ಲಿ, ಯುದ್ಧಗಳೆಲ್ಲ ಮುಗಿದ ಕಾಲದಲ್ಲಿ ಹಾಗೆ ಹೇಳಿದವನು. ರಣರಂಗವನ್ನು ಅವನು ಕಂಡಿರಲಿಲ್ಲ. ಆದ್ದರಿಂದ ತತ್ವ ಎಂದರೆ ಗೋಡೆಗೆ ತೂಗುಹಾಕುವ ಏಳೆಂಟು ಗುಣಗಳ ಪಟ್ಟಿ ಎಂದುಕೊಂಡು ಡೊಜೊ (ಅಭ್ಯಾಸಶಾಲೆ) ಹುಡುಕಬೇಡಿ.

ಕತ್ತಿಗೆ ನಿಜವಾಗಿ ಅಂಟಿಕೊಂಡ ಚಿಂತನೆ ಬೇರೆಯೇ ಇದೆ, ಅದು ಬಹಳ ಗಟ್ಟಿಯಾದದ್ದು. ಜಪಾನನ್ನು ಆಳುತ್ತಿದ್ದ ಸೇನಾಧಿಪತಿ, ಶೋಗನ್ ತೊಕುಗಾವ ಇಯೆಮಿತ್ಸುವಿಗೆ ಕತ್ತಿ ಕಲಿಸಿದ ಯಗ್ಯೂ ಮುನೆನೊರಿ 1632ರಲ್ಲಿ ಬರೆದಿಟ್ಟ ಗ್ರಂಥದಲ್ಲಿ ಕೊಲ್ಲುವ ಕತ್ತಿ, ಬದುಕಿಸುವ ಕತ್ತಿ ಎಂಬ ಎರಡು ಮಾತು ಬರುತ್ತವೆ. ಅದೇ ಮುನೆನೊರಿಗೆ ಝೆನ್ ಸನ್ಯಾಸಿ ತಕುಆನ್ ಬರೆದ ಪತ್ರದ ಸಾರ ಇಷ್ಟು: ಎದುರಾಳಿಯ ಕತ್ತಿಯ ಮೇಲೆ ಮನಸ್ಸು ನಿಂತರೆ ಆ ಕತ್ತಿಯೇ ನಿನ್ನನ್ನು ಹಿಡಿಯುತ್ತದೆ, ನಿನ್ನ ಕತ್ತಿಯ ಮೇಲೆ ನಿಂತರೆ ಅದೂ ಹಿಡಿಯುತ್ತದೆ, ಎಲ್ಲಿಯೂ ನಿಲ್ಲಿಸಬೇಡ. ಅದಕ್ಕೆ ಅವನು ಕೊಡುವ ಉದಾಹರಣೆ ಸಾವಿರ ಕೈಗಳ ಕನ್ನೊನ್ ದೇವತೆ. ಬಿಲ್ಲು ಹಿಡಿದ ಕೈಯೊಂದರಲ್ಲಿ ಮನಸ್ಸು ನಿಂತುಬಿಟ್ಟರೆ ಉಳಿದ 999 ಕೈಗಳೂ ಕೆಲಸಕ್ಕೆ ಬಾರವು. ಈ ಕನ್ನೊನ್ ನಮ್ಮ ಬೌದ್ಧ ಬೋಧಿಸತ್ವ ಅವಲೋಕಿತೇಶ್ವರನೇ. ಅವನ ಇನ್ನೊಂದು ಹೆಸರು ಲೋಕೇಶ್ವರ, ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಕಂಚಿನ ಮೂರ್ತಿಗೂ ಅದೇ ಹೆಸರು. ಹತ್ತಾರು ಸಲ ಕದ್ರಿಗೆ ಹೋಗಿದ್ದ ನನಗೆ ಈ ನಂಟು ಹೊಳೆದದ್ದು ಜಪಾನಿನಲ್ಲಿ ಕುಳಿತಾಗ.

ಹಾಗಾಗಿ ಪ್ರತಿ ಕಲೆಯನ್ನೂ ನಾನು ಕೇಳುವ ಪ್ರಶ್ನೆ ಒಂದೇ: ಮನಸ್ಸು ನಿಲ್ಲದಂತೆ ಮಾಡುವುದನ್ನು ಇದು ಮೈಗೆ ಯಾವ ಬಗೆಯಲ್ಲಿ ಕಲಿಸುತ್ತದೆ?

ಕೆಂಡೊ: ಬದುಕಿರುವ ಎದುರಾಳಿ

18ನೆಯ ಶತಮಾನದ ಆರಂಭದಲ್ಲಿ ಜಿಕಿಶಿನ್‌ಕಾಗೆ ಪರಂಪರೆಯ ನಾಗನುಮ, ಅದೇ ಶತಮಾನದ ಐವತ್ತರ ದಶಕದಲ್ಲಿ ಇತ್ತೋ ಪರಂಪರೆಯ ನಕನಿಶಿ, ಕವಚ ತೊಟ್ಟು ಬಿದಿರಿನ ಕತ್ತಿಯಿಂದ ಪೂರ್ಣ ವೇಗದಲ್ಲಿ ಹೊಡೆದಾಡುವ ಅಭ್ಯಾಸವನ್ನು ಬೆಳೆಸಿದರು. ಗಾಯವಾಗುತ್ತದೆಂದು ಹೊಡೆತ ತಡೆಹಿಡಿಯುವ ಅಗತ್ಯ ಅಲ್ಲಿಗೆ ತಪ್ಪಿತು. 1877ರಲ್ಲಿ ಸಮುರಾಯರು ಸರ್ಕಾರದ ವಿರುದ್ಧ ಎದ್ದ ಸತ್ಸುಮ ದಂಗೆಯಲ್ಲಿ ಪೊಲೀಸರ ಕತ್ತಿ ದಳ ಹೆಸರು ಮಾಡಿದ ಮೇಲೆ ಪೊಲೀಸ್ ಇಲಾಖೆ ಈ ಅಭ್ಯಾಸವನ್ನು ಕೈಹಿಡಿಯಿತು. ಸೈನಿಕ ಆಡಳಿತ ತನ್ನ ಕಾಲದಲ್ಲಿ ಅದನ್ನು ಯುದ್ಧದ ಹುಮ್ಮಸ್ಸಿಗೆ ಬಳಸಿಕೊಂಡಿತು. 1945ರ ನಂತರ ಮಿತ್ರಪಡೆಗಳ ಆಡಳಿತ ನಿಷೇಧಿಸಿತು. 1952ರಲ್ಲಿ ಅಖಿಲ ಜಪಾನ್ ಕೆಂಡೊ ಒಕ್ಕೂಟ ಸ್ಥಾಪನೆಯಾಯಿತು. ಕತ್ತಿಯ ನಿಯಮಗಳನ್ನು ಅಭ್ಯಾಸ ಮಾಡುತ್ತಾ ಮನುಷ್ಯನ ನಡತೆಯನ್ನು ತಿದ್ದುವುದೇ ಕೆಂಡೊ ಎಂದು ಒಕ್ಕೂಟ 1975ರಲ್ಲಿ ಬರೆದಿಟ್ಟಿತು.

ಕೈಯಲ್ಲಿರುವುದು ಶಿನಾಯ್. ನಾಲ್ಕು ಬಿದಿರಿನ ಸೀಳುಗಳನ್ನು ಚರ್ಮದಿಂದ ಬಿಗಿದದ್ದು. ವಯಸ್ಕರಿಗೆ ಗರಿಷ್ಠ 120 ಸೆಂಟಿಮೀಟರ್ ಉದ್ದ, ಕನಿಷ್ಠ ತೂಕ ಪುರುಷರಿಗೆ 510 ಗ್ರಾಂ, ಮಹಿಳೆಯರಿಗೆ 440 ಗ್ರಾಂ. ಹೊಡೆಯಬಹುದಾದ ಜಾಗ ನಾಲ್ಕೇ: ತಲೆ, ಮುಂಗೈ, ಪಕ್ಕೆ, ಗಂಟಲು. ತಾಗಿದ ಮಾತ್ರಕ್ಕೆ ಅಂಕ ಇಲ್ಲ. ಕೂಗು, ಕತ್ತಿ, ಪಾದ ಮೂರೂ ಒಂದೇ ಕ್ಷಣದಲ್ಲಿ ಕೂಡಬೇಕು. ಹೊಡೆದ ನಂತರವೂ ಎಚ್ಚರ ಬಿಡಬಾರದು, ಮೈಯೆಲ್ಲ ಕಣ್ಣಾಗಿ ನಿಲ್ಲಬೇಕು. ಇದಕ್ಕೆ ಝನ್‌ಶಿನ್ ಎನ್ನುತ್ತಾರೆ. ಅಂಕ ಗಳಿಸಿದ ಖುಷಿಗೆ ಮುಷ್ಟಿ ಎತ್ತಿ ಕುಣಿದರೆ ಕೊಟ್ಟ ಅಂಕವನ್ನು ತೀರ್ಪುಗಾರರು ಹಿಂತೆಗೆದುಕೊಳ್ಳುತ್ತಾರೆ. ಸೋತವನ ಎದುರು ಮೆರೆಯಬಾರದು ಎಂಬ ನೀತಿ ಇಲ್ಲಿ ಉಪದೇಶವಾಗಿ ಉಳಿಯದೆ ಆಟದ ನಿಯಮವೇ ಆಗಿದೆ. ಕೆಂಡೊ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಇರುವುದು ಈ ಒಂದು ಕಾರಣಕ್ಕೆ.

ತಕುಆನ್ ಹೇಳಿದ ನಿಂತ ಮನಸ್ಸನ್ನು ಕೆಂಡೊ ನಿಮಗೆ ಮೊದಲ ತಿಂಗಳಲ್ಲೇ ತೋರಿಸುತ್ತದೆ. ಬೆರಗು, ಭಯ, ಅನುಮಾನ, ಗೊಂದಲ ಎಂದು ನಾಲ್ಕು ರೋಗಗಳನ್ನು ಹೆಸರಿಸುತ್ತಾರೆ. ನಾನು ಮೊದಲ ಸಲ ಕವಚ ತೊಟ್ಟ ದಿನ ನನ್ನೆದುರು ನಿಂತವರು ಎಪ್ಪತ್ತು ದಾಟಿದ ಅಜ್ಜ. ಅವರ ಶಿನಾಯ್ ತುದಿ ನನ್ನ ಗಂಟಲಿಗೆ ನೇರವಾಗಿ, ಒಂದಿಷ್ಟೂ ಅಲುಗದೆ ನಿಂತಿತ್ತು. ನನ್ನ ಕಣ್ಣು ಆ ತುದಿಯನ್ನು ಬಿಟ್ಟು ಕದಲಲಿಲ್ಲ. ಅವರು ತುದಿಯನ್ನು ಎರಡು ಬೆರಳಷ್ಟು ಕೆಳಗಿಳಿಸಿದರು, ನನ್ನ ನೋಟವೂ ಜೊತೆಗೇ ಇಳಿಯಿತು. ಮರುಕ್ಷಣ ನೆತ್ತಿಯ ಮೇಲೆ ಏಟು. ನೋವಾಗಲಿಲ್ಲ. ಏನಾಯಿತೆಂದು ಮಾತ್ರ ಮನೆಗೆ ಬರುವ ತನಕ ಯೋಚಿಸುತ್ತಿದ್ದೆ.

ಈಗ ಕೊರತೆಗಳು. ಶಿನಾಯ್ ನೇರವಾದದ್ದು, ಹಗುರವಾದದ್ದು. ಬಾಗಿದ ಅಲಗಿನ ಗುಣ ಅದಕ್ಕಿಲ್ಲ. ವೇಗದ ಭರದಲ್ಲಿ ಕತ್ತಿ ಎಂಬುದೇ ಮರೆತು ಕೋಲಾಟವಾಗುವ ಅಪಾಯ ಸದಾ ಇದೆ. ಅದನ್ನು ತಿದ್ದಲೆಂದೇ 1912ರಲ್ಲಿ ರೂಪುಗೊಂಡ ಹತ್ತು ವರಸೆಗಳ ಕೆಂಡೊ ಕತಾ ಇದೆ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಅದನ್ನು ಮಾಡಿಸುವ ಡೊಜೊಗಿಂತ ವಾರವಾರ ಮಾಡಿಸುವ ಡೊಜೊ ಮೇಲು. ದೇಹದ ವಿಷಯದಲ್ಲಿ ಎಡ ಹಿಮ್ಮಡಿಯೇ ದುರ್ಬಲ ಜಾಗ: ಬರಿಗಾಲಿನಲ್ಲಿ, ಎಡಗಾಲಿನಿಂದ ನೆಲ ಒದ್ದು ಸಾವಿರಾರು ಸಲ ಚಿಮ್ಮಬೇಕು. ಕಾಂಕ್ರೀಟಿನ ಮೇಲೆ ಹಾಸಿದ ಟೈಲ್ಸ್ ನೆಲದಲ್ಲಿ ಕೆಂಡೊ ಕಲಿಸುತ್ತೇವೆ ಎಂದರೆ ಎರಡು ಸಲ ಯೋಚಿಸಿ. ನನ್ನ ಕಾಲು ಕೆಟ್ಟದ್ದು ಅಂಥ ನೆಲದಲ್ಲೇ.

ವಯಸ್ಸು ಅಡ್ಡಿಯಲ್ಲ. ಇಲ್ಲಿನ ದರ್ಜೆಗಳಿಗೆ ದಾನ್ ಎನ್ನುತ್ತಾರೆ; ಎಂಟನೆಯ ದಾನ್ ಪರೀಕ್ಷೆಗೆ ಕೂರಲು ಕನಿಷ್ಠ 46 ವರ್ಷ ತುಂಬಿರಬೇಕು, ಏಳನೆಯದು ಪಡೆದು ಹತ್ತು ವರ್ಷ ಕಳೆದಿರಬೇಕು. ಕುಳಿತವರಲ್ಲಿ ನೂರಕ್ಕೆ ಒಬ್ಬರು ತೇರ್ಗಡೆಯಾದರೆ ಹೆಚ್ಚು. ಬಲ ಇಳಿಯುವ ವಯಸ್ಸಿನಲ್ಲೇ ಕತ್ತಿ ಮಾಗುತ್ತದೆ ಎಂದು ನಂಬಿ ಕಟ್ಟಿದ ವ್ಯವಸ್ಥೆ ಇದು.

ಹಣದ ಲೆಕ್ಕ ಹೀಗಿದೆ. ಮೊದಲ ಮೂರು ನಾಲ್ಕು ತಿಂಗಳು ಒಂದು ಶಿನಾಯ್ ಸಾಕು. ಜಪಾನಿನಲ್ಲಿ ಸುಮಾರು 2,000ದಿಂದ 5,000 ಯೆನ್. ಆಮೇಲೆ ಹತ್ತಿಯ ಅಂಗಿ ಮತ್ತು ಹಕಾಮ ಎಂಬ ನೆರಿಗೆಯ ಅಗಲ ಷರಾಯಿ. ದೊಡ್ಡ ಖರ್ಚು ಕವಚದ್ದು: ಯಂತ್ರದಲ್ಲಿ ಹೊಲಿದದ್ದು 40,000–60,000 ಯೆನ್ ಆಸುಪಾಸಿಗೆ ಸಿಗುತ್ತದೆ, ಕೈಹೊಲಿಗೆಯದು ಲಕ್ಷಗಳಿಗೆ ಏರುತ್ತದೆ. ಯೆನ್‌ಗೆ ಅರ್ಧ ರೂಪಾಯಿಗಿಂತ ತುಸು ಹೆಚ್ಚೆಂದು ಲೆಕ್ಕ ಹಾಕಿ. ಹಳೆಯ ಕವಚ ಎರವಲು ಕೊಡುವ ಗುಂಪಿದ್ದರೆ ಮೊದಲ ವರ್ಷ ಅದರಲ್ಲೇ ಕಳೆಯಿರಿ. ಮುಂಗೈ ಗವಸನ್ನು ಮಾತ್ರ ಸ್ವಂತದ್ದು ಕೊಳ್ಳಿ, ಅದರ ಬೆವರಿನ ವಾಸನೆಯನ್ನು ಹಂಚಿಕೊಳ್ಳುವುದು ಕಷ್ಟ. ಶಿನಾಯ್ ಸಿಬಿರು ಎದ್ದಿದೆಯೇ ಎಂದು ಪ್ರತಿ ಸಲವೂ ಬೆರಳಾಡಿಸಿ ನೋಡುವುದು ಕಡ್ಡಾಯ. ಸಿಬಿರು ಮುಖಕವಚದ ಕಂಬಿಗಳ ನಡುವೆ ನುಸುಳಿದರೆ ಎದುರಿನವರ ಕಣ್ಣು ಹೋಗುತ್ತದೆ.

ಇಯಾಯ್ಡೊ: ಕಾಣದ ಎದುರಾಳಿ

ಒರೆಯಲ್ಲಿರುವ ಕತ್ತಿಯನ್ನು ಹಿರಿಯುವ ಕ್ಷಣವೇ ಹೊಡೆತವೂ ಆಗಬೇಕು ಎಂಬುದು ಈ ಕಲೆಯ ಮೂಲ. 16ನೆಯ ಶತಮಾನದ ಹಯಾಶಿಝಾಕಿ ಜಿನ್‌ಸುಕೆಯನ್ನು ಇದರ ಮೂಲಪುರುಷ ಎಂದು ಗೌರವಿಸುತ್ತಾರೆ. ಇಂದು ಹೆಚ್ಚಿನವರು ಮೊದಲು ಕಲಿಯುವುದು ಕೆಂಡೊ ಒಕ್ಕೂಟವೇ ರೂಪಿಸಿದ ಹನ್ನೆರಡು ವರಸೆಗಳನ್ನು. 1969ರಲ್ಲಿ ಏಳು, 1980ರಲ್ಲಿ ಮೂರು, 2000ದಲ್ಲಿ ಎರಡು ಸೇರಿದವು. ಅದರಾಚೆಗೆ ಮುಸೊ ಜಿಕಿದೆನ್ ಎಯಿಶಿನ್, ಮುಸೊ ಶಿನ್‌ದೆನ್ ಮುಂತಾದ ಹಳೆಯ ಪರಂಪರೆಗಳಿವೆ.

ಪ್ರೇಕ್ಷಕರ ಕಣ್ಣು ಹೊಡೆತದ ಮೇಲಿರುತ್ತದೆ. ಕಲಿಯುವವರಿಗೆ ಕಷ್ಟವಾಗುವುದು ಕತ್ತಿಯನ್ನು ಒರೆಗೆ ಮರಳಿ ಸೇರಿಸುವುದು. ನೋಟ ನೆಲಕ್ಕೆ ಬಿದ್ದ ಎದುರಾಳಿಯ ಮೇಲೆ. ಎಡಗೈ ಒರೆಯ ಬಾಯನ್ನು ಹಿಡಿದಿದೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿನ ಮೇಲೆ ಅಲಗಿನ ಬೆನ್ನು ಜಾರುತ್ತಾ ತುದಿಯ ತನಕ ಬರುತ್ತದೆ. ತುದಿ ಒರೆಯ ಬಾಯಿಗೆ ತಟ್ಟನೆ ಬಿದ್ದೊಡನೆ ಒಳಗೆ ಸರಿಯುತ್ತದೆ. ಈ ನಡುವೆ ಒಮ್ಮೆಯೂ ಕೆಳಗೆ ನೋಡುವಂತಿಲ್ಲ. ಅವಸರ ಮಾಡಿದರೆ ಬೆರಳಿಗೆ ಗೊತ್ತಾಗುತ್ತದೆ. ಹೋರಾಟ ಮುಗಿಯಿತು ಎಂದು ಮನಸ್ಸು ಸಡಿಲವಾಗುವ ಗಳಿಗೆಯಲ್ಲೇ ಅತಿ ಹೆಚ್ಚು ಎಚ್ಚರ ಕೇಳುವ ಕೆಲಸವನ್ನು ಇಟ್ಟಿದ್ದಾರೆ. ಒರೆಯೊಳಗೆ ಇರುವಾಗಲೇ ಗೆಲ್ಲುವ ಕತ್ತಿ ಎಂಬ ಮಾತು ಈ ಕಲೆಯಲ್ಲಿ ಬಹಳ ಬಳಕೆಯಲ್ಲಿದೆ. ಕತ್ತಿ ಹಿರಿಯುವ ಸಂದರ್ಭವೇ ಬಾರದಂತೆ ನಿಲ್ಲುವುದು ಎಂದು ಅದರ ಅರ್ಥ.

ಇದರ ದೊಡ್ಡ ಅಪಾಯ, ನಿಮ್ಮನ್ನು ನೀವೇ ನಂಬಿಸಿಕೊಳ್ಳಬಹುದು. ಕಾಣದ ಎದುರಾಳಿ ಎಂದೂ ತಿರುಗಿ ಹೊಡೆಯುವುದಿಲ್ಲ. ಅವನು ಎಷ್ಟು ದೂರದಲ್ಲಿದ್ದಾನೆ, ಎಷ್ಟು ಎತ್ತರ, ಯಾವ ಗಳಿಗೆಯಲ್ಲಿ ಕೈ ಹಿಡಿಗೆ ಹೋಯಿತು ಎಂಬುದನ್ನು ಪ್ರತಿ ಸಲ ಕಣ್ಣಿಗೆ ಕಟ್ಟಿಕೊಳ್ಳದಿದ್ದರೆ ಇದು ಬರೀ ಚೆಂದದ ನೃತ್ಯವಾಗುತ್ತದೆ. ನಾಲ್ಕು ವರ್ಷ ಕೆಂಡೊ ಮಾಡಿ ಬಂದವರ ಇಯಾಯ್ಡೊದಲ್ಲಿ ಆ ದೂರದ ಅಳತೆ ಇರುತ್ತದೆ. ನೇರವಾಗಿ ಇದಕ್ಕೇ ಬಂದವರು ಅದನ್ನು ಸಂಪಾದಿಸಲು ಬಹಳ ಶ್ರಮಪಡಬೇಕು.

ಮಂಡಿ ನೋವಿನವರಿಗೆ ಒಂದು ಮಾತು. ಹನ್ನೆರಡರಲ್ಲಿ ಮೊದಲ ಮೂರು ವರಸೆ ವಜ್ರಾಸನದಂಥ ಸೇಝಾದಿಂದ, ನಾಲ್ಕನೆಯದು ಒಂದು ಮಂಡಿ ಎತ್ತಿ ಕುಳಿತ ಭಂಗಿಯಿಂದ. ಉಳಿದ ಎಂಟೂ ನಿಂತು ಮಾಡುವಂಥವು. ಮಂಡಿಗವಸು ತೊಡಲು ಬಿಡುವ, ನಿಂತ ವರಸೆಗಳಿಂದ ಶುರು ಮಾಡಿಸುವ ಗುರುಗಳಿದ್ದಾರೆ, ಕೇಳಿ ನೋಡಿ. ಎದೆಬಡಿತ ಹೆಚ್ಚಿಸಬಾರದೆಂದು ವೈದ್ಯರು ಹೇಳಿದವರಿಗೂ ಕೆಂಡೊಗಿಂತ ಇದು ಸೌಮ್ಯ.

ಖರ್ಚು ಬೊಕುತೊ ಎಂಬ ಮರದ ಕತ್ತಿಯಿಂದ ಆರಂಭವಾಗುತ್ತದೆ, ಅದು ಅಗ್ಗ. ಪ್ಲಾಸ್ಟಿಕ್ ಒರೆಯೂ ಸೇರಿ ಸಿಗುವ ಬೊಕುತೊ ಮೊದಲ ಆರು ತಿಂಗಳಿಗೆ ಧಾರಾಳ ಸಾಕು. ನಂತರ ಇಯಾಯ್‌ತೊ ಎಂಬ ಮಿಶ್ರಲೋಹದ, ಹರಿತವಿಲ್ಲದ ಕತ್ತಿ. 50,000 ಯೆನ್ ಆಸುಪಾಸಿನಿಂದ ಮೇಲಕ್ಕೆ. ನಿಮ್ಮ ಎತ್ತರಕ್ಕೆ ಅಲಗಿನ ಉದ್ದ ಎಷ್ಟಿರಬೇಕೆಂದು ಗುರುವನ್ನು ಕೇಳದೆ ಕೊಳ್ಳಬೇಡಿ. ಶೋಕೇಸಿನಲ್ಲಿಡಲು ಮಾರುವ ಅಲಂಕಾರದ ಕತ್ತಿಯನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ನಾನು ಒಮ್ಮೆ ಬೀಸಿದ್ದೆ. ಮೂರನೆಯ ಬೀಸಿಗೆ ಅಲಗು ಹಿಡಿಯಿಂದ ಕಳಚಿ ಗೋಡೆಗೆ ಹೋಗಿ ಬಡಿಯಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದೊಂದೇ ಪುಣ್ಯ. ಸರಿಯಾದ ಕತ್ತಿಯಲ್ಲಿ ಹಿಡಿಯನ್ನೂ ಅಲಗಿನ ಬುಡವನ್ನೂ ಸೇರಿಸಿ ಹಿಡಿದಿರುವುದು ಮೆಕುಗಿ ಎಂಬ ಪುಟ್ಟ ಬಿದಿರಿನ ಗೂಟ; ಪ್ರತಿ ಅಭ್ಯಾಸಕ್ಕೂ ಮೊದಲು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡುವವರು ಸೀಲಿಂಗ್ ಫ್ಯಾನಿನ ಎತ್ತರವನ್ನು ಮೊದಲು ಅಳೆಯಿರಿ.

ಹರಿತವಾದ ಕತ್ತಿಯನ್ನು ಭಾರತಕ್ಕೆ ತರಿಸುವ ಯೋಚನೆ ಇದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ ಎಂಬುದು ನೆನಪಿರಲಿ. ಹಣ ಕಟ್ಟುವ ಮೊದಲು ನಿಮ್ಮ ಜಿಲ್ಲೆಯ ಪೊಲೀಸ್ ಕಚೇರಿಯಲ್ಲಿ ವಿಚಾರಿಸಿ. ಹರಿತವಿಲ್ಲದ್ದಕ್ಕೂ ಕಸ್ಟಮ್ಸ್‌ನಲ್ಲಿ ವಿವರಣೆ ಕೇಳಬಹುದು, ಕಾಗದಪತ್ರ ಜೊತೆಗಿರಲಿ.

ಕೊರ್ಯೂ: ಸೋತು ಕಲಿಸುವ ಗುರು

1868ರ ಮೇಜಿ ಬದಲಾವಣೆಗೂ ಮೊದಲು ಹುಟ್ಟಿದ ಪರಂಪರೆಗಳೆಲ್ಲ ಕೊರ್ಯೂ. ಅತ್ಯಂತ ಹಳೆಯವುಗಳಲ್ಲಿ ಒಂದಾದ ಕತೊರಿ ಶಿಂತೊ ಪರಂಪರೆ 15ನೆಯ ಶತಮಾನದ ಇಯಿಝಸ ಇಯೆನಾವೊನಿಂದ ಬಂದದ್ದು. ಚಿಬಾ ಪ್ರಾಂತ್ಯ ಇದನ್ನು 1960ರಲ್ಲಿ ತನ್ನ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ಸೇರುವವರು ಪ್ರಮಾಣಪತ್ರಕ್ಕೆ ತಮ್ಮ ರಕ್ತದ ಮುದ್ರೆ ಒತ್ತುವ ಪದ್ಧತಿ ಅಲ್ಲಿದೆ. ಮುನೆನೊರಿಯ ಮನೆತನದ ಯಗ್ಯೂ ಶಿನ್‌ಕಾಗೆ ನಗೋಯಾದಲ್ಲಿ ಇಂದಿಗೂ ಜೀವಂತ. ಕಗೊಶಿಮದ ಜಿಗೆನ್ ಪರಂಪರೆಯವರು ನೆಟ್ಟ ಮರದ ಕಂಬಕ್ಕೆ ಕೂಗುತ್ತಾ ಹೊಡೆಯುವುದನ್ನೇ ಅಭ್ಯಾಸದ ಮೂಲವಾಗಿಸಿಕೊಂಡಿದ್ದಾರೆ.

ಇಲ್ಲಿ ಹೆಚ್ಚಿನವು ಜೋಡಿ ವರಸೆ. ಉಚಿದಾಚಿ ಹೊಡೆಯುತ್ತಾನೆ, ಶಿದಾಚಿ ಉತ್ತರ ಕೊಟ್ಟು ಗೆಲ್ಲುತ್ತಾನೆ. ಗೆಲ್ಲುವ ಶಿದಾಚಿಯೇ ಕಲಿಯುವವನು. ಸೋಲುವ ಉಚಿದಾಚಿ ಹಿರಿಯ, ಎಷ್ಟೋ ಸಲ ಗುರುವೇ. ಶಿಷ್ಯ ಇಂದು ಎಷ್ಟು ತಾಳಬಲ್ಲನೋ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ವೇಗದಲ್ಲಿ, ಹೆಚ್ಚು ಹತ್ತಿರದಲ್ಲಿ ಗುರು ಹೊಡೆಯುತ್ತಾನೆ. ಶಿಷ್ಯ ಸರಿಯಾಗಿ ಉತ್ತರಿಸಿದಾಗ ಗುರು ಸೋಲುತ್ತಾನೆ. ಓನೊ ಇತ್ತೋ ಪರಂಪರೆಯಲ್ಲಿ ಉಚಿದಾಚಿ ಮೊಣಕೈವರೆಗೆ ದಪ್ಪನೆಯ ದೊಡ್ಡ ಗವಸು ತೊಟ್ಟು ಶಿಷ್ಯನ ಪೂರ್ಣ ಬಲದ ಏಟನ್ನು ತನ್ನ ಕೈಮೇಲೇ ತೆಗೆದುಕೊಳ್ಳುತ್ತಾನೆ. ನರೆಗೂದಲಿನ ಗುರುಗಳು ಇಪ್ಪತ್ತು ವರ್ಷದ ಹುಡುಗಿಯ ಎದುರು ಒಂದರ ಹಿಂದೊಂದರಂತೆ ಮೂವತ್ತು ಸಲ ಸೋತು, ಪ್ರತಿ ಸಲವೂ ಮೊದಲ ಸಲದಷ್ಟೇ ಗಂಭೀರವಾಗಿ ಮತ್ತೆ ಕತ್ತಿ ಎತ್ತಿದ್ದನ್ನು ನೋಡಿದಾಗ ನನ್ನ ಕಣ್ಣು ತೇವವಾಯಿತು. ಬದುಕಿಸುವ ಕತ್ತಿ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗಿದ್ದರೆ ಎಲ್ಲರೂ ಇದನ್ನೇ ಏಕೆ ಆರಿಸಬಾರದು? ಗುರು ಸಿಗುವುದಿಲ್ಲ. ಭಾರತದಲ್ಲಿದ್ದುಕೊಂಡು ಅಧಿಕೃತ ಪರಂಪರೆಯೊಂದರಲ್ಲಿ ಕಲಿಯುವ ಅವಕಾಶ ಬಹಳ ಅಪರೂಪ. ಕೊರ್ಯೂದಲ್ಲಿ ಹೆಚ್ಚಿನ ಕಡೆ ದಾನ್ ದರ್ಜೆಗಳಿಲ್ಲ. ಸುರುಳಿಗಳ ರೂಪದ ಅನುಮತಿಗಳಿವೆ, ಅವು ಬರಲು ದಶಕಗಳು ಬೇಕು. ಒಂದು ಪರಂಪರೆಗೆ ಸೇರಿದ ಮೇಲೆ ಇನ್ನೊಂದನ್ನು ರುಚಿ ನೋಡಲು ಹೋಗುವುದನ್ನು ಒಪ್ಪುವುದಿಲ್ಲ. ಸಾಮಾನಿನ ಖರ್ಚು ಕಡಿಮೆ, ಪ್ರಯಾಣದ ಮತ್ತು ಆಯುಷ್ಯದ ಖರ್ಚು ಹೆಚ್ಚು. ತಾನೇ ಪರಂಪರೆಯ ಮುಖ್ಯಸ್ಥ ಎಂದು ಹೇಳಿಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ನಿಮ್ಮ ಗುರು ಯಾರು, ಅವರು ಜಪಾನಿನಲ್ಲಿ ಎಲ್ಲಿ ಕಲಿಸುತ್ತಾರೆ, ಕಲಿಸಲು ನಿಮಗೆ ಅನುಮತಿ ಕೊಟ್ಟಿದ್ದಾರೆಯೇ ಎಂದು ವಿನಯದಿಂದ ಕೇಳಿ. ನಿಜವಾದವರು ಈ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ.

ನೆನೆಸಿದ ಚಾಪೆಯ ಸುರುಳಿಯನ್ನು ನಿಜವಾದ ಕತ್ತಿಯಿಂದ ಕಡಿಯುವ ತಮೆಶಿಗಿರಿ ಹಲವರ ಕಣ್ಣು ಸೆಳೆಯುತ್ತದೆ. ಅಲಗಿನ ಕೋನ ಒಂದಿಷ್ಟು ತಪ್ಪಿದರೂ ಚಾಪೆ ಅದನ್ನು ತೋರಿಸಿಬಿಡುತ್ತದೆ, ಅದು ಅದರ ದೊಡ್ಡ ಗುಣ. ಆದರೆ ಅದು ಕಲಿಕೆಯ ನಡುವೆ ಬರುವ ಪರೀಕ್ಷೆ. ಮೊದಲ ದಿನವೇ ಹೊಸಬರ ಕೈಗೆ ಹರಿತ ಕತ್ತಿ ಕೊಡುವ ಜಾಗದಿಂದ ದೂರವಿರಿ.

ಹಾಗಾದರೆ ಯಾರಿಗೆ ಯಾವುದು?

ಮಕ್ಕಳಿಗೆ ಕೆಂಡೊ, ಅದರಲ್ಲಿ ನನಗೆ ಎರಡನೆಯ ಯೋಚನೆಯೇ ಇಲ್ಲ. ಓಡಬೇಕು, ಕೂಗಬೇಕು, ಹೊಡೆಸಿಕೊಂಡು ನಗಬೇಕು. ಹತ್ತು ವರ್ಷದ ಮಗುವನ್ನು ಕಾಣದ ಎದುರಾಳಿಯ ಮುಂದೆ ಕೂರಿಸುವುದು ನ್ಯಾಯವಲ್ಲ. ಇಪ್ಪತ್ತು ಮೂವತ್ತರ ವಯಸ್ಸಿನವರಿಗೂ ಹತ್ತಿರದಲ್ಲಿ ಗುಂಪು ಇದ್ದರೆ ಕೆಂಡೊದಿಂದಲೇ ಆರಂಭಿಸಿ ಎನ್ನುತ್ತೇನೆ. ಇಲ್ಲಿ ಕಲಿತ ದೂರ ಮತ್ತು ಧೈರ್ಯ ಮುಂದೆ ಯಾವುದಕ್ಕೆ ಹೋದರೂ ಜೊತೆಗೆ ಬರುತ್ತದೆ. ನಮ್ಮ ದೊಡ್ಡ ನಗರಗಳಲ್ಲಿ ಈ ಮೂರರಲ್ಲಿ ಸಿಗುವ ಸಾಧ್ಯತೆ ಹೆಚ್ಚಿರುವುದೂ ಇದಕ್ಕೇ.

ಐವತ್ತರ ಆಸುಪಾಸಿನಲ್ಲಿ ಮೊದಲ ಸಲ ಬರುವವರು, ಗದ್ದಲ ಒಲ್ಲದವರು, ವಾರಕ್ಕೊಮ್ಮೆ ಗುರುವಿನ ಎದುರು ಕಲಿತು ಉಳಿದ ದಿನ ಮನೆಯಲ್ಲೇ ಅಭ್ಯಾಸ ಮಾಡಬಯಸುವವರು ಇಯಾಯ್ಡೊ ನೋಡಿ. ಊರು ಚಿಕ್ಕದಾಗಿದ್ದು ಗುರು ತಿಂಗಳಿಗೊಮ್ಮೆ ಮಾತ್ರ ಸಿಗುವುದಾದರೂ ಇದು ನಡೆಯುತ್ತದೆ. ಕೆಂಡೊ ಹಾಗೆ ನಡೆಯುವುದಿಲ್ಲ. ವಿಡಿಯೊ ನೋಡಿ ಒಬ್ಬರೇ ಕಲಿಯುವುದು ಮಾತ್ರ ಬೇಡ. ತಪ್ಪಿದ ಮಣಿಕಟ್ಟನ್ನು ವರ್ಷಗಟ್ಟಲೆ ತಪ್ಪಾಗಿಯೇ ಗಟ್ಟಿ ಮಾಡಿಕೊಂಡ ಮೇಲೆ ತಿದ್ದುವುದು ಗುರುವಿಗೂ ಯಾತನೆ.

ಕೆಲಸದ ಮೇಲೆ ನಾಲ್ಕೈದು ವರ್ಷಕ್ಕೆ ಜಪಾನಿಗೆ ಹೊರಟವರು ನೀವಾಗಿದ್ದರೆ ನನ್ನ ಸಲಹೆ ಬೇರೆ. ಕೆಂಡೊ ಭಾರತಕ್ಕೆ ಮರಳಿದ ಮೇಲೂ ಸಿಗುತ್ತದೆ, ಕೊರ್ಯೂ ಸಿಗುವುದಿಲ್ಲ. ಭಾಷೆ ಒಂದಿಷ್ಟು ಬಂದೊಡನೆ ಪರಂಪರೆಯೊಂದರ ಬಾಗಿಲು ತಟ್ಟಿ. ನವೆಂಬರ್ 3ರಂದು ಟೋಕಿಯೊದಲ್ಲಿದ್ದರೆ ಬೆಳಗ್ಗೆ ಬೇಗ ಹೊರಡಿ: ಮೇಜಿ ದೇಗುಲದ ಆವರಣದಲ್ಲಿ ಹಳೆಯ ಪರಂಪರೆಗಳ ಪ್ರದರ್ಶನ, ಸಾಮಾನ್ಯವಾಗಿ ಅದೇ ದಿನ ನಿಪ್ಪೊನ್ ಬುದೊಕಾನ್‌ನಲ್ಲಿ ಅಖಿಲ ಜಪಾನ್ ಕೆಂಡೊ ಪಂದ್ಯಾವಳಿ. ಎರಡನ್ನೂ ಕಂಡ ಕಣ್ಣಿಗೆ ಅರ್ಧ ತೀರ್ಮಾನ ತಾನಾಗಿಯೇ ಸಿಗುತ್ತದೆ.

ಎಲ್ಲಿಯೇ ಆಗಲಿ, ಹೆಸರು ಬರೆಸುವ ಮೊದಲು ಒಂದು ಇಡೀ ತರಗತಿಯನ್ನು ಗೋಡೆಬದಿ ಕುಳಿತು ನೋಡಿ. ಅತಿ ಹಿರಿಯರು ಅತಿ ಹೊಸಬರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ, ನೆಲಕ್ಕೆ ಇಟ್ಟ ಕತ್ತಿಯನ್ನು ಯಾರಾದರೂ ದಾಟಿ ಹೋಗುತ್ತಾರೆಯೇ ಗಮನಿಸಿ. ಮುಗಿದ ಮೇಲೂ ಐದು ನಿಮಿಷ ಕುಳಿತಿರಿ. ನನ್ನ ನಗೋಯಾದ ಡೊಜೊದಲ್ಲಿ ಆ ಹೊತ್ತಿಗೆ ಎಲ್ಲರೂ ಒದ್ದೆ ಬಟ್ಟೆ ಹಿಡಿದು, ಬಾಗಿ, ಸಾಲಾಗಿ ನೆಲ ಒರೆಸುತ್ತಿದ್ದರು. ಸಾಲಿನ ಎಡತುದಿಯಲ್ಲಿ ಇರುತ್ತಿದ್ದವರು ನನ್ನ ನೆತ್ತಿಗೆ ಮೊದಲ ಏಟು ಕೊಟ್ಟ ಆ ಅಜ್ಜ.